ಮತ್ತೆ ಕಾಣದವರೊಡನೆ ಮಾತು

ಪಬ್ ಎಂಬ ಮಾತು ಕೇಳಿದೊಡನೆ ನಮ್ಮ ಕುಟುಂಬಗಳಲ್ಲಿ ಆತಂಕ ಮೂಡುವುದು ಸಹಜ. ಕಂಪನಿಯ ಕೆಲಸದ ನಿಮಿತ್ತ ಐರ್ಲೆಂಡಿಗೆ ತೆರಳಿದ ಮಗನು, ಸಂಜೆ ಪಬ್ಬಿನಲ್ಲಿ ಅಲ್ಲಿಯವರೊಡನೆ ಕುಳಿತು ಹರಟಿದೆನೆಂದರೆ, ತಾಯಿಯ ಮನಸ್ಸಿಗೆ ಮೊದಲು ಬರುವುದು ಲೋಟವೇ ಹೊರತು ಹರಟೆಯಲ್ಲ. ಈ ಆತಂಕವನ್ನು ಹಳಿಯಲಾರೆ. ಕುಡಿತದಿಂದ ಆ ನಾಡು ಉಂಡ ನೋವು ಸಣ್ಣದಲ್ಲ. 1898ರಲ್ಲಿ ಯೇಸುಸಭೆಯ ಗುರು ಜೇಮ್ಸ್ ಕಲೆನ್ ಅವರು ಡಬ್ಲಿನ್ನಿನಲ್ಲಿ ಪಯೋನಿಯರ್ ಎಂಬ ಪಾನವರ್ಜನ ಸಂಘವನ್ನು ಸ್ಥಾಪಿಸಿದ್ದು ಆ ನೋವನ್ನು ಕಂಡೇ. ಯೇಸುವಿನ ಪವಿತ್ರ ಹೃದಯದ ಪುಟ್ಟ ಪದಕವನ್ನು ಉಡುಪಿಗೆ ಸಿಕ್ಕಿಸಿಕೊಳ್ಳುವ ಅದರ ಸದಸ್ಯರು ಮದ್ಯ ಮುಟ್ಟುವುದಿಲ್ಲ. ಆದರೆ ಪಬ್ಬಿಗೆ ಹೋಗುವವರು ಅವರಲ್ಲಿಯೂ ಇದ್ದಾರೆ. ಹಳ್ಳಿಗಾಡಿನಲ್ಲಿ ಪಬ್ ನಡೆಸುವವನೇ ದಿನಸಿಯ ವ್ಯಾಪಾರಿಯೂ ಶವಸಂಸ್ಕಾರದ ಏರ್ಪಾಡು ಮಾಡುವವನೂ ಆಗಿರುತ್ತಿದ್ದುದುಂಟು. ಊರಿನ ಮಾತು ಸೇರುವ ಜಗಲಿಯೇ ಅದು.

ಅಲ್ಲಿ ರೌಂಡ್ ಎಂಬ ರೂಢಿಯೊಂದಿದೆ. ನಾಲ್ವರು ಒಟ್ಟಿಗೆ ಕುಳಿತರೆ ಒಬ್ಬನು ಎದ್ದು ನಾಲ್ವರಿಗೂ ಪಾನೀಯ ತರುತ್ತಾನೆ; ಮುಂದಿನ ಬಾರಿ ಮತ್ತೊಬ್ಬನ ಸರದಿ. ಲೆಕ್ಕ ಬರೆದಿಡುವವರಿಲ್ಲ, ಆದರೆ ಎಲ್ಲರಿಗೂ ನೆನಪಿರುತ್ತದೆ. ತನ್ನ ಸರದಿ ಬರುವ ಮುನ್ನ ಮೆಲ್ಲನೆ ಎದ್ದುಹೋದವನು ಹೆಸರು ಕೆಡಿಸಿಕೊಂಡಂತೆಯೇ. ಕುಡಿಯದವನು ಸೋಡಾ ಹಿಡಿದು ಕುಳಿತರೆ ಆಕ್ಷೇಪವಿಲ್ಲ, ಸರದಿ ಮಾತ್ರ ತಪ್ಪಿಸುವಂತಿಲ್ಲ. (ಕಂಪನಿಯ ಖರ್ಚಿನಲ್ಲಿ ಕೊಡಿಸಿದ್ದು ಸರದಿಯ ಲೆಕ್ಕಕ್ಕೆ ಬರುವುದೇ ಎಂಬುದನ್ನು ಪ್ರವಾಸಿಗಳೇ ಯೋಚಿಸಲಿ.)

ಮಾತಿಗೂ ಇಂಥದೇ ಸರದಿಯಿದೆ. ಇಂದು ಬಂದು ನಾಳೆ ಹೊರಟುಹೋಗುವವನೊಡನೆ ಜನರು ಅಚ್ಚರಿಯೆನಿಸುವಷ್ಟು ಮನಬಿಚ್ಚಿ ಮಾತನಾಡುತ್ತಾರೆ. ಪರಕೀಯನ ಮುಂದೆ ಜನರು ಪಾಪನಿವೇದನೆಯನ್ನು ಹೋಲುವ ಮಾತುಗಳನ್ನು ಆಡುವರೆಂದು ಜರ್ಮನ್ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮ್ಮೆಲ್ 1908ರಲ್ಲಿಯೇ ಗುರುತಿಸಿದ್ದರು. ನಮ್ಮ ಯುವಕನು ಕಥೋಲಿಕನೆಂದು ತಿಳಿದೊಡನೆ ಪಕ್ಕದ ವೃದ್ಧನು, ತಾನು ಬಲಿಪೂಜೆಗೆ ಹೋಗುವುದನ್ನು ಏಕೆ ಬಿಟ್ಟೆನೆಂದು ಹೇಳತೊಡಗಬಹುದು. ಧಾರ್ಮಿಕ ಸಭೆಗಳು ನಡೆಸುತ್ತಿದ್ದ ವಸತಿಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು 2009ರ ತನಿಖಾ ಆಯೋಗದ ವರದಿ ಬಯಲಿಗಿಟ್ಟಿತು. ಅದನ್ನು ಓದಿದ ಐರಿಷ್ ಕುಟುಂಬಗಳಿಗೆ ಅದು ಪತ್ರಿಕೆಯ ಸುದ್ದಿಯಷ್ಟೇ ಆಗಿರಲಿಲ್ಲ. ಹೀಗೆ ತನ್ನ ಮನೆಯ ಗಾಯವನ್ನು ತೋರಿಸಿದ ವೃದ್ಧನು ಬಳಿಕ ಕೇಳುತ್ತಾನೆ: 'ನಿಮ್ಮಲ್ಲಿ ಜಾತಿಯ ಭೇದ ಇನ್ನೂ ಇದೆಯೇ?'

'ಅದು ಬೇರೆಯವರಲ್ಲಿ, ನಾವು ಕ್ರೈಸ್ತರು' ಎಂಬ ಉತ್ತರ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಅದು ಸುಳ್ಳೆಂಬುದು ವಧೂವರರನ್ನು ಅರಸಿದ ಪ್ರತಿಯೊಂದು ಕುಟುಂಬಕ್ಕೂ ಗೊತ್ತು. ಧರ್ಮಸಭೆಯೊಳಗೂ ಜಾತಿಭೇದವಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ದಲಿತರ ಕುರಿತ ತನ್ನ 2016ರ ನೀತಿಯಲ್ಲಿ ಒಪ್ಪಿಕೊಂಡಿದೆ. ಆದರೆ ಆ ಮೇಜಿನಲ್ಲಿ ಇದನ್ನು ಪರೀಕ್ಷಿಸಬಲ್ಲವರು ಯಾರು? ಪ್ಲೇಟೋನ 'ರಿಪಬ್ಲಿಕ್' ಗ್ರಂಥದಲ್ಲಿ ಗೈಜಸ್‌ನ ಉಂಗುರದ ಕಥೆ ಬರುತ್ತದೆ. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ತೊಟ್ಟವನು ಅದೃಶ್ಯನಾಗುವನು. ಯಾರೂ ಕಾಣದಿರುವಾಗ ಮನುಷ್ಯನು ನ್ಯಾಯವಂತನಾಗಿ ಉಳಿಯುವನೇ ಎಂಬುದು ಅಲ್ಲಿಯ ಪ್ರಶ್ನೆ. ಪರಿಚಿತರಿಲ್ಲದ ಊರಿಗೆ ಕೆಲಸದ ಮೇಲೆ ಹೋದವನ ಬೆರಳಿನಲ್ಲಿಯೂ ಅಂಥ ಉಂಗುರವಿದೆ.

ಮನೆಯ ಗುಟ್ಟನ್ನು ಪರದೇಶದಲ್ಲಿ ರಟ್ಟು ಮಾಡಬೇಕೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ತೂಕವಿದೆ. ಕೇಳಿದವರಿಗೆಲ್ಲ ಎಲ್ಲವನ್ನೂ ಹೇಳಬೇಕಾದ ಕಟ್ಟುಪಾಡಿಲ್ಲ. 'ಇದೆ, ಅದರ ಬಗ್ಗೆ ಹೆಚ್ಚು ಮಾತನಾಡಲು ನೋವಾಗುತ್ತದೆ' ಎಂದರೂ ಸಾಕು. ಅದು ಸೋಡಾ ಹಿಡಿದು ಕುಳಿತಂತೆ. ಗಾಯವನ್ನು ತೋರಿಸಿದವನಿಗೆ ಬಣ್ಣದ ಮಾತನ್ನು ಮರಳಿಸುವುದಾದರೋ ಸರದಿ ತಪ್ಪಿಸಿ ಎದ್ದುಹೋದಂತೆ.

ಮರುದಿನ ಯುವಕನ ವಿಮಾನ ಹೊರಡುತ್ತದೆ. ವೃದ್ಧನಿಗೆ ಅವನ ಹೆಸರು ಮರೆತರೂ ಅವನ ಉತ್ತರ ಮರೆಯಲಿಕ್ಕಿಲ್ಲ. ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಭಾರತದ ದಾದಿಯರು ಅನೇಕರಿದ್ದಾರೆ. ಅವರಲ್ಲೊಬ್ಬಳು ದಲಿತ ಕ್ರೈಸ್ತಳು ಮುಂದೊಂದು ದಿನ ಅದೇ ವೃದ್ಧನ ಶುಶ್ರೂಷೆ ಮಾಡುತ್ತ, ತನ್ನ ಊರಿನ ದೇವಾಲಯದಲ್ಲಿ ತನ್ನ ಅಜ್ಜಿ ಎಲ್ಲಿ ಕುಳಿತುಕೊಳ್ಳಬೇಕಾಗಿತ್ತೆಂದು ಹೇಳಿದರೆ, ಆತನು ಅವಳನ್ನು ನಂಬುವನೇ?