ಇಸ್ತ್ರಿ ಅಂಗಿಯ ಪ್ರಶ್ನೆ

ಮಾನ್ವಿ ತಾಲೂಕಿನ ಒಂದು ಹಳ್ಳಿ ಸಾಲಿಗೆ ನಮ್ಮ ಗೆಳೆಯನೊಬ್ಬ ಮಾಸ್ತರನಾಗಿ ಹೋದ. ಅವರ ಕೇರಿಯಿಂದ ನೌಕರಿ ಹಿಡಿದ ಮೊದಲನೆಯವನು ಅವನೇ. ಮೊದಲ ಸಂಬಳ ಬಂದಾಗ ರಾಯಚೂರಿಗೆ ಬಂದು ಎರಡು ಪ್ಯಾಂಟು, ಎರಡು ಅಂಗಿ ಹೊಲಿಸಿದ. ಒಂದು ಜೊತೆ ಕರಿ ಬೂಟು ಕೊಂಡ. ಅಂಗಿಯ ಬಣ್ಣ ಕಡು ನೀಲಿ, ಅದು ಅವನ ಖುಷಿ. ಮರುದಿನ ಇನ್‌ಶರ್ಟ್ ಮಾಡಿಕೊಂಡು ಹೋದರೆ ಹಿರಿಯ ಮಾಸ್ತರರೊಬ್ಬರು, 'ಏನ್ರಿ, ಮದಿವಿಗೆ ಹೊಂಟೀರೇನು? ಮಾಸ್ತರ ಅಂದ್ರ ಸಾದಾ ಇರಬೇಕ್ರಿ' ಅಂದರು. ಅದೇ ಸಾಲಿಯಲ್ಲಿ ಊರ ಗೌಡರ ಸಂಬಂಧಿಯೊಬ್ಬ ಜೀನ್ಸು, ಚಿತ್ರ ಇರುವ ಟೀ ಶರ್ಟು ಹಾಕಿಕೊಂಡು ಬರುತ್ತಿದ್ದ. ಅವನ ಬಗ್ಗೆ ಅದೇ ಹಿರಿಯರ ಮಾತು: 'ಹರೇದ ಹುಡುಗ, ಶೋಕಿ ಮಾಡ್ತಾನ ಬಿಡ್ರಿ.'

ಮುಂದೊಂದು ದಿನ ಕೇರಿಯಲ್ಲಿ ಸಾವಾಯಿತು. ಗೆಳೆಯ ಮಣ್ಣು ಮುಗಿಸಿಕೊಂಡು ನೇರ ಸಾಲಿಗೆ ಬಂದ. ಅಂಗಿ ಮುದುಡಿತ್ತು, ಕಾಲಲ್ಲಿ ಹವಾಯಿ ಚಪ್ಪಲಿ. ಬೆನ್ನ ಹಿಂದೆ ಮಾತು ಕೇಳಿಸಿತು: 'ಎಷ್ಟ್ ಓದಿದ್ರೇನು, ಎಲ್ಲಿಗೆ ಹೋಗ್ತದ ಅದು.'

'ಹಂಗಾದ್ರ ನಾನು ಏನು ಹಾಕ್ಕೊಂಡು ಹೋಗಬೇಕು, ನೀವಾ ಹೇಳ್ರಿ' ಎಂದು ಅವನು ನಮ್ಮನ್ನು ಕೇಳಿದ. ನಾವು ಮೊದಲು ನಕ್ಕೆವು. ಆಮೇಲೆ ಉತ್ತರ ಹುಡುಕಿದರೆ ಸಿಗಲಿಲ್ಲ.

ಕಚೇರಿಗೊಂದು ಶಿಸ್ತು ಇರಬೇಕು, ಮನುಷ್ಯನಿಗೆ ತನ್ನದೊಂದು ರುಚಿಯೂ ಇರಬೇಕು, ಎರಡನ್ನೂ ಹೊಂದಿಸಿಕೊಂಡು ಹೋಗಬೇಕು ಎಂದು ಬುದ್ಧಿ ಹೇಳುವವರು ಬಹಳ. ಮಾತು ಕೇಳಲು ಚಂದ. ಆದರೆ ಆ ಶಿಸ್ತು ಎಲ್ಲರ ಮೈಮೇಲೆ ಒಂದೇ ತೂಕದ್ದೇ? ಒಂದೇ ಅಂಗಿ ಒಬ್ಬನ ಮೈಮೇಲೆ ರುಚಿ ಅನಿಸಿಕೊಳ್ಳುತ್ತದೆ, ಇನ್ನೊಬ್ಬನ ಮೈಮೇಲೆ ಸೊಕ್ಕು ಅನಿಸಿಕೊಳ್ಳುತ್ತದೆ. ಬಟ್ಟೆಯನ್ನು ಓದುವ ಕಣ್ಣು ಮೊದಲು ಜಾತಿಯನ್ನು ಓದಿರುತ್ತದೆ.

ಇದು ಇವತ್ತಿನದಲ್ಲ. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯೇ ಉಡುಪು ಎಂದು ಬರೆದಿಟ್ಟಿತು. ಬರೆದಿಟ್ಟಿದ್ದು ಸಾಲದು ಎಂಬಂತೆ ಬರೆಯದ ಕಾನೂನುಗಳೂ ಇದ್ದವು. ಧೋತ್ರ ಮೊಣಕಾಲಿನ ಕೆಳಗೆ ಇಳಿಯಬಾರದು. ಗೌಡರು ಎದುರಾದರೆ ಹೆಗಲ ಮೇಲಿನ ವಲ್ಲಿ ಕಂಕುಳಿಗೆ ಬರಬೇಕು. ಅವರ ಮನೆ ಮುಂದೆ ಚಪ್ಪಲಿ ಕೈಗೆ ಬರಬೇಕು. ಆ ಚಪ್ಪಲಿಯ ತೊಗಲು ಹದ ಮಾಡಿದವರು ಯಾರು? ಹೊಲಿದವರು ಯಾರು? ಊರಿಗೆಲ್ಲ ಮೆಟ್ಟು ಮಾಡಿಕೊಟ್ಟವರ ಕಾಲೇ ಊರೊಳಗೆ ಬರಿಗಾಲು. 1927ರ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಮನುಸ್ಮೃತಿಯನ್ನು ಸುಟ್ಟರು. ಅದೇ ಸಮ್ಮೇಳನದಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಜಾತಿ ತೋರಿಸುವಂಥ ಉಡುಗೆ ತೊಡುಗೆ ಬಿಡಿ ಎಂದೂ ಹೇಳಿದರು. ಗ್ರಂಥ ಸುಟ್ಟ ಜಾಗದಲ್ಲಿ ಸೀರೆ ಉಡುವ ಮಾತು ಯಾಕೆ ಬಂತು ಎಂದು ಕೆಲವರಿಗೆ ಅನಿಸಬಹುದು. ಮೊಣಕಾಲ ಮೇಲೆ ಧೋತ್ರ ಕಟ್ಟಿದವರ ಮೊಮ್ಮಕ್ಕಳಿಗೆ ಹಾಗೆ ಅನಿಸುವುದಿಲ್ಲ.

ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡು ಪಂಚೆಗೆ ಇಳಿದರು. 1931ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೂ ಅದೇ ಉಡುಪಿನಲ್ಲಿ ಹೋದರು. ಅದೇ ಪರಿಷತ್ತಿನಲ್ಲಿ ಬಾಬಾಸಾಹೇಬರು ಸೂಟು ಹಾಕಿಕೊಂಡು ಕೂತಿದ್ದರು. ಬಡವರ ನಾಯಕನಿಗೆ ಸೂಟು ಯಾಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಬಿಡಲು ಅಂಗಿ ಇದ್ದವರು ಅಂಗಿ ಬಿಟ್ಟರೆ ಅದು ತ್ಯಾಗ. ಅಂಗಿಯೇ ಇಲ್ಲದವರು ಏನನ್ನು ಬಿಡಬೇಕು?

ಆದರೆ ಸೂಟಿಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಟ್ಟುಕೊಳ್ಳಬಾರದು. 1917ರಲ್ಲಿ ಅಮೆರಿಕ, ಲಂಡನ್ನು ಓದಿ ಬಂದು ಬರೋಡಾ ಸಂಸ್ಥಾನದ ಕಚೇರಿಯಲ್ಲಿ ಅಧಿಕಾರಿಯಾದಾಗ ಬಾಬಾಸಾಹೇಬರ ಉಡುಪಿನಲ್ಲಿ ಯಾವ ಕೊರತೆ ಇತ್ತು? ಆದರೂ ಜವಾನರು ಮುಟ್ಟಿದರೆ ಮೈಲಿಗೆ ಎಂದು ಕಡತಗಳನ್ನು ದೂರದಿಂದ ಎಸೆದರು. ಇರಲು ಮನೆ ಸಿಗದೆ ಪಾರ್ಸಿ ಛತ್ರ ಸೇರಿದರೆ ಅಲ್ಲಿಗೂ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಬಟ್ಟೆ ಬದಲಾದ ಕೂಡಲೇ ಎದುರಿನವನ ಕಣ್ಣು ಬದಲಾಗಲಿಲ್ಲ. ಅವರು ಮಾತ್ರ ಸೂಟು ಬಿಡಲಿಲ್ಲ. ಕಣ್ಣು ಬದಲಾಗುವ ತನಕ ಕಾದು ಆಮೇಲೆ ಒಳ್ಳೆಯ ಅಂಗಿ ಹಾಕೋಣ ಎಂದರೆ ಏಳು ತಲೆಮಾರು ಕಾಯಬೇಕಾಗುತ್ತದೆ.

ನಮ್ಮ ಈ ಸೀಮೆಯಲ್ಲಿ ದೊರೆಗಳು ಬದಲಾದಂತೆ ಕಚೇರಿಯ ಉಡುಪೂ ಬದಲಾಗಿದೆ. 1948ರ ತನಕ ರಾಯಚೂರು ನಿಜಾಮರದು, ಆಗ ಶೇರ್ವಾನಿ, ರೂಮಿ ಟೋಪಿ. ಆಮೇಲೆ ಬಿಳಿ ಟೋಪಿ. ಈಗ ಪ್ಯಾಂಟು, ಇನ್‌ಶರ್ಟು, ಕೊರಳಲ್ಲಿ ಗುರುತಿನ ಚೀಟಿ. ರಾಯಚೂರಿನ ಬಿಸಿಲಿಗೆ ಇವುಗಳಲ್ಲಿ ಯಾವುದೂ ಹೇಳಿ ಮಾಡಿಸಿದ್ದಲ್ಲ. ನಲವತ್ತು ಡಿಗ್ರಿ ದಾಟಿದ ಏಪ್ರಿಲ್‌ನಲ್ಲಿ ಟೈ ಕಟ್ಟಿಕೊಂಡು ಪಾಠ ಹೇಳುವ ಖಾಸಗಿ ಶಾಲೆಯ ಮಾಸ್ತರರನ್ನು ಕಂಡು ನಮಗೆ ಕನಿಕರ ಬರುತ್ತದೆ. ಶಿಸ್ತು ಎನ್ನುವುದು ಬಹಳ ಸಲ ಹಳೆಯ ಸಾಹೇಬರು ಬಿಟ್ಟುಹೋದ ಅಂಗಿಯೇ.

ಹಾಗೆಂದು ಎಲ್ಲ ನಿಯಮವೂ ಸುಳ್ಳಲ್ಲ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಬೂಟು ಬೇಕೇ ಬೇಕು. ಅದು ಮೈ ಕಾಯುವ ನಿಯಮ. ಅಲ್ಲಿ ನಮ್ಮ ರುಚಿಯ ಮಾತಿಗೆ ಜಾಗ ಇಲ್ಲ. ನಿಜವಾದ ಪ್ರಶ್ನೆ ಬೇರೆ ಕಡೆ ಇದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ನಿಯಮಗಳಲ್ಲಿ, ಗಟಾರದ ಕೆಲಸಕ್ಕೆ ಇಳಿಯುವವನಿಗೆ ಏನೇನು ರಕ್ಷಣಾ ಉಡುಪು ಕೊಡಬೇಕೆಂದು ಪಟ್ಟಿಯೇ ಇದೆ. ಯಾವ ಊರಿನಲ್ಲಾದರೂ ಬೆಳಿಗ್ಗೆ ಐದಕ್ಕೆ ಎದ್ದು ಬೀದಿಗೆ ಬನ್ನಿ. ಬರಿಗೈಯಲ್ಲಿ ಕಸ ಎತ್ತುವವರನ್ನು ಕಂಡು ಬನ್ನಿ. ಗುಮಾಸ್ತನ ಅಂಗಿಯ ಗುಂಡಿ ಎಣಿಸುವ ವ್ಯವಸ್ಥೆಗೆ ಪೌರಕಾರ್ಮಿಕರ ಬರಿಗೈ ಕಾಣುವುದಿಲ್ಲ. ದೂರದಿಂದ ಗುರುತು ಸಿಗಲಿ ಎಂದು ಬಣ್ಣದ ಜಾಕೀಟು ಮಾತ್ರ ಮರೆಯದೆ ಕೊಡುತ್ತಾರೆ.

ನಮ್ಮ ಕಡೆಗೂ ಒಂದು ಮಾತು. ಬಂಡಾಯದವರಾದ ನಮಗೂ ಒಂದು ಸಮವಸ್ತ್ರ ಬಂದುಬಿಟ್ಟಿದೆ: ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ ಚೀಲ, ಕೆರೆಯದ ಗಡ್ಡ. ಇಸ್ತ್ರಿ ಅಂಗಿ ಹಾಕಿಕೊಂಡು ಸಭೆಗೆ ಬಂದ ಕೇರಿಯ ಹುಡುಗನನ್ನು 'ಸಾಹೇಬ ಆದ' ಎಂದು ನಾವೂ ಚುಚ್ಚಿದ್ದೇವೆ. ಹತ್ತು ಎಕರೆ ನೀರಾವರಿ ಇರುವವನ ಮಗ ಹರಿದ ಜುಬ್ಬಾ ಹಾಕಿದರೆ ಅದು ಸಿದ್ಧಾಂತ. ನಮ್ಮವನು ಹಾಕಿದರೆ ಅದು ಮನೆಯ ಸ್ಥಿತಿ. ಈ ವ್ಯತ್ಯಾಸ ತಿಳಿಯದೆ ಸರಳತೆಯ ಉಪದೇಶ ಮಾಡಿದೆವಲ್ಲ, ಆ ಹಿರಿಯ ಮಾಸ್ತರರಿಗಿಂತ ನಾವು ಎಷ್ಟು ಮುಂದೆ ಇದ್ದೇವೆ?

ಆದ್ದರಿಂದ ಗೆಳೆಯನಿಗೆ ನಾವು ಕೊನೆಗೆ ಹೇಳಿದ್ದು ಇಷ್ಟು: ನೀಲಿ ಅಂಗಿ ಬಿಡಬೇಡ. ಎಲ್ಲರಿಗೂ ಒಂದೇ ಆದ ನಿಯಮ ಇದ್ದರೆ ಪಾಲಿಸು. ನಿನಗೊಬ್ಬನಿಗೇ ಹೇಳುವ 'ಸಾದಾ' ನಿಯಮವಲ್ಲ, ಅದು ಹಳೆಯ ವಲ್ಲಿಯ ಕಾನೂನು. ಸಾದಾ ಇರಬೇಕು ಅನಿಸಿದರೆ ನಿನಗಾಗಿ ಅನಿಸಲಿ. ಅವನು ಒಪ್ಪಿದ. ಆದರೆ ಇಷ್ಟಕ್ಕೆ ಪ್ರಶ್ನೆ ಮುಗಿಯಲಿಲ್ಲ ಎಂದು ನಮಗೆ ತೋರಿಸಿಕೊಟ್ಟಿದ್ದು ದೇವದುರ್ಗದ ಕಡೆಯ ಇನ್ನೊಬ್ಬ ಗೆಳೆಯ.

ಅವನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬಿಳಿ ಅಂಗಿ, ಮಡಿಕೆ ಮುರಿಯದ ಪ್ಯಾಂಟು, ಹೊಳೆಯುವ ಬೂಟು. ಒಮ್ಮೆ ಅವನ ಅಪ್ಪ ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ಅಲ್ಲಿಗೇ ಬಂದರು. ಒಗೆದ ಧೋತ್ರ, ತಲೆಗೆ ರುಮಾಲು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಹೊಸ್ತಿಲಾಚೆಯೇ ನಿಂತರು. ಮಗ ಕರೆದರೆ, 'ಇಲ್ಲೇ ನಿಂದರ್ತೀನಿ ಬಿಡೋ ತಮ್ಮ, ನಿನ್ನ ಬೂಟಿಗೆ ಧೂಳು ಆಗ್ತದ' ಅಂದರು. ಮಗನಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ನಾನು ಯಾರ ಹಾಗೆ ಕಾಣಬೇಕೆಂದು ಇದನ್ನೆಲ್ಲ ಹಾಕಿಕೊಂಡೆ, ಯಾರಿಗೆ ಯಾರ ಹಾಗೆ ಕಂಡೆ ಎಂದು ನಮ್ಮೆದುರು ಅತ್ತ.

ಬೂಟು ಬಿಡು ಎಂದು ನಾವು ಅವನಿಗೆ ಹೇಳಲಿಲ್ಲ. ಮುಂದಿನ ತಿಂಗಳು ಅಪ್ಪ ಮತ್ತೆ ಬಂದಾಗ ಅವನೇ ಎದ್ದು ಹೊರಗೆ ಹೋಗಿ, ಚಪ್ಪಲಿ ಮೆಟ್ಟಿಸಿಕೊಂಡು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದನಂತೆ. ಮುದುಕ ತುದಿಯಲ್ಲಿ ಕೂತರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಇನ್ನೂ ನಾಲ್ಕು ಜನ ನಿಂತಿದ್ದರು, ಅವರ ಅರ್ಜಿಗಳೂ ಇವನ ಮೇಜಿಗೇ ಬರಬೇಕಿತ್ತು.