ಕೇಳದಿದ್ದರೂ ಹೇಳಬೇಕಾ?

ಡ್ರ್ಯಾಗ್ ರೇಸಿಗೆಂದು ನನ್ನ ಹಳೇ 100 ಸಿಸಿ ಬೈಕಿನ ರಾಕರ್ ಆರ್ಮನ್ನು ಮನೆಯಲ್ಲೇ ಗ್ರೈಂಡ್ ಮಾಡಿದ್ದೆ. ರಾಕರ್ ಆರ್ಮ್ ಅಂದ್ರೆ ಏತ ಇದ್ದಹಾಗೆ. ಒಂದು ತುದಿಯನ್ನು ಕ್ಯಾಮ್ ಎತ್ತುತ್ತೆ, ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತೆ. ಕ್ಯಾಮ್ 5 ಮಿ.ಮೀ. ಎತ್ತಿದಾಗ, ಅನುಪಾತ 1.2 ಇದ್ದರೆ ವಾಲ್ವ್ 6 ಮಿ.ಮೀ. ತೆರೆಯುತ್ತೆ. ಕ್ಯಾಮ್ ತಾಗುವ ಮುಖವನ್ನು ಉಜ್ಜಿ, ತಾಗುವ ಜಾಗವನ್ನು ಶಾಫ್ಟಿನ ಕಡೆ ಸರಿಸಿ ಅನುಪಾತ 1.3 ಮಾಡಿದರೆ 6.5. ಆ ಅರ್ಧ ಮಿಲಿಮೀಟರಿಗೇ ಇಷ್ಟೆಲ್ಲಾ ಒದ್ದಾಟ!

ಆದರೆ ಆ ಮುಖದ ಗಟ್ಟಿ ಪದರ ತೀರಾ ತೆಳು. ಅದು ಹೋದರೆ ಒಳಗಿನ ಮೆತ್ತನೆ ಲೋಹ ಬೇಗ ಸವೆದು, ಜೊತೆಗೆ ಕ್ಯಾಮನ್ನೂ ಹಾಳುಮಾಡುತ್ತೆ. ನನಗದು ಗೊತ್ತಿತ್ತು. ನನ್ನ ದುಡ್ಡು, ನನ್ನ ರಿಸ್ಕ್ ಅಂದುಕೊಂಡೆ.

ಮೊನ್ನೆ ಬೈಕ್ ಮಾರೋಕೆ ಹೊರಟೆ. ನೋಡೋಕೆ ಬಂದ ಹುಡುಗ ಫುಡ್ ಡೆಲಿವರಿ ಮಾಡ್ತಾನಂತೆ. ಒಂದು ರೌಂಡ್ ಹೊಡೆದು ಬಂದು, "ಪಿಕಪ್ ಸೂಪರ್ ಸಾರ್" ಅಂದ. ಟ್ಯಾಪೆಟ್ ಸರಿಯಾಗಿ ಸೆಟ್ ಮಾಡಿದ್ದರಿಂದ ಅನುಮಾನ ಬರುವಂಥ ಸದ್ದೂ ಇರಲಿಲ್ಲ. ಇಂಜಿನ್ ಬಿಚ್ಚಿದ್ದೀರಾ ಅಂತ ಅವನು ಕೇಳಲೇ ಇಲ್ಲ. 'ನೀನೇನು ಸುಳ್ಳು ಹೇಳಿಲ್ಲವಲ್ಲ' ಅಂತ ಮನಸ್ಸು ನನ್ನ ಪರ ವಕೀಲಿಕೆ ಶುರುಮಾಡಿತು.

ಗೊತ್ತಿದ್ದು ಹೊತ್ತುಕೊಂಡಿದ್ದಕ್ಕೆ ಅದು ನನ್ನ ಪಾಲಿಗೆ ರಿಸ್ಕ್. ಗೊತ್ತಿಲ್ಲದವನ ತಲೆಗೆ ದಾಟಿಸಿದರೆ ಅದಕ್ಕೆ ಮೋಸ ಅಂತಲೇ ಹೆಸರು. ಅವನ ಬೈಕ್ ನಿಂತ ದಿನ ಅವನ ಸಂಪಾದನೆಯೂ ನಿಲ್ಲುತ್ತೆ.

ಹೇಳಿಬಿಟ್ಟೆ. ಹೊಸ ರಾಕರ್ ಆರ್ಮ್, ಕ್ಯಾಮ್ ಹಾಕಿಸೋ ಖರ್ಚು ಕಳೆದು ಕೊಡಿ ಅಂದೆ. ಯೋಚನೆ ಮಾಡಿ ಹೇಳ್ತೀನಿ ಸಾರ್ ಅಂತ ಹೋದವನು ಇನ್ನೂ ಫೋನ್ ಮಾಡಿಲ್ಲ. ಈ ಭಾನುವಾರ ನಾನೇ ಎರಡನ್ನೂ ಬದಲಾಯಿಸ್ತೀನಿ. ಮುಂದೆ ಬರೋನೂ ಕೇಳಲಿಕ್ಕಿಲ್ಲ.