ಇಂದಿನ ಧಮ್ಮ ಚಿಂತನೆ: ಖಂತಿ



ಖಂತಿ ಪಾರಮಿ ಅಂದಾಗಲೆಲ್ಲ ನನಗೊಂದು ಕಸಿವಿಸಿ. ನಮ್ಮವರು ಸಹಿಸಿದ್ದು ಸಾಲದೇ? ಕೆನಡಾದ ವ್ಯಾಂಕೂವರ್‌ನಲ್ಲಿ ಜಪಾನಿ ವಲಸಿಗರು 1914ರಲ್ಲಿ ಕಟ್ಟಿದ ಅಸಾಹಿ ಬೇಸ್‌ಬಾಲ್ ತಂಡದ ಬಗ್ಗೆ ಓದಿದ ಮೇಲೆ ಅದು ಸ್ವಲ್ಪ ತಿಳಿಯಾಯಿತು.

ಆ ಜನಕ್ಕೆ ಮತದ ಹಕ್ಕೂ ಇರಲಿಲ್ಲ. ಎದುರಾಳಿ ಬಿಳಿಯರು ಕಟ್ಟುಮಸ್ತು, ಇವರು ಸಣ್ಣ ಆಳು. ಬೀಸಿ ಹೊಡೆಯುವ ಬದಲು ಚೆಂಡನ್ನು ಮೆಲ್ಲಗೆ ತಟ್ಟಿ ಓಡಿದರು. ತಾಳ್ಮೆಯಿಂದ ಕಾದರು, ಗೆದ್ದರು. (ಪೆವಿಲಿಯನ್ ಹೊರಗೆ, ಬೇರೆ ಕುಡಿಕೆಯಲ್ಲಿ ಚಹಾ ಕುಡಿದು ವಿಕೆಟ್ ಕಿತ್ತ, ಧಾರವಾಡದಲ್ಲಿ ಹುಟ್ಟಿದ ನಮ್ಮ ಪಾಲ್ವಣಕರ್ ಬಾಳೂ ನೆನಪಾದರು.)

1942ರಲ್ಲಿ ಸರ್ಕಾರ ಅವರನ್ನೆಲ್ಲ ಮನೆ ಬಿಡಿಸಿ ಒಳನಾಡಿನ ಶಿಬಿರಗಳಿಗೆ ತಳ್ಳಿತು. ತಂಡ ಚದುರಿತು. ಶಿಬಿರದಲ್ಲೂ ಆಡಿದರು. ಆದರೆ ಅನ್ಯಾಯವನ್ನು ಮರೆಯಲಿಲ್ಲ, ಕೇಳುತ್ತಲೇ ಇದ್ದರು. ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟದ್ದು 1988ರಲ್ಲಿ. 2003ರಲ್ಲಿ ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಬಂದಾಗ ಬಹುತೇಕ ಆಟಗಾರರು ತೀರಿಹೋಗಿದ್ದರು.